ಅಕ್ಕ ಕೇಳಿದ ಮೊದಲ ಪ್ರಶ್ನೆ

ನಾನಿನ್ನೂ ಚಿಕ್ಕವನಿದ್ದಾಗ ನಮ್ಮ ಮನೆ ಕಲ್ಯಾಣದುರ್ಗದ ಹತ್ತಿರದ ಒಂದು ಹಳ್ಳಿಯಲ್ಲಿತ್ತು. ಅಪ್ಪ ಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ಅಕ್ಕ ಹಿಂದೂಪುರದಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದಳು. ನಮ್ಮೂರಿನಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹುಡುಗಿ ಅವಳು.

ಸಂಕ್ರಾಂತಿಗೆ ಬಂದವಳು ರಜೆ ಮುಗಿದರೂ ಹೊರಡಲಿಲ್ಲ. "ನಾನು ಹೋಗಾಕಿಲ್ಲ ಕಣಪ್ಪ. ಅಲ್ಲೆಲ್ಲಾ ಇಂಗ್ಲಿಷೇ. ನಂಗೇನೂ ತಿಳಿಯಾಕಿಲ್ಲ" ಎಂದು ಅತ್ತಳು.

ಅಪ್ಪ ಬೈಯಲಿಲ್ಲ. "ಬಿಡೋದಾದ್ರೆ ಪಾಠ ಹೇಳಿದೋರ ಮುಂದೆ ಹೇಳ್ಬುಟ್ಟು ಬರಾನ" ಎಂದು ಮರುದಿನ ಬೆಳಿಗ್ಗೆ ನಮ್ಮಿಬ್ಬರನ್ನೂ ಕರೆದುಕೊಂಡು ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಕೆಂಪು ಧೂಳು. ಹಿಂದೂಪುರದಲ್ಲಿ ಇಳಿದರೆ ಬೀದಿ ತುಂಬ ಹೊಸ ಹುಣಸೆಹಣ್ಣಿನ ವಾಸನೆ. ನನ್ನ ಬಾಯಲ್ಲಿ ನೀರೂರಿತು. ಅಕ್ಕ ಮಾತ್ರ ತಲೆಯೆತ್ತಲೇ ಇಲ್ಲ.

ಕಾಲೇಜಿನಲ್ಲಿ ಅಪ್ಪ ವಿಷಯ ಹೇಳಿದ ಮೇಲೆ ಸಸ್ಯಶಾಸ್ತ್ರದ ಮೇಡಂ ಅಕ್ಕನನ್ನು ನೋಡಿ, "ಡೌಟ್ ಇದ್ದೋರು ಬನ್ನಿ ಅಂತ ದಿನಾ ಹೇಳ್ತೀನಲ್ಲಮ್ಮ, ನೀನ್ಯಾಕೆ ಒಂದ್ಸಲಾನೂ ಬರಲಿಲ್ಲ?" ಎಂದು ಕೇಳಿದರು.

"ಡೌಟ್ ಅಂದ್ರೆ ಅನುಮಾನ ಅಂತ ಡಿಕ್ಷನರೀಲಿತ್ತು ಮೇಡಂ. ನಿಮ್ ಮ್ಯಾಲೆ ನಂಗ್ಯಾಕೆ ಅನುಮಾನ?"

ಮೇಡಂಗೆ ನಗು ಬಂತು, ಆದರೆ ಅರ್ಧಕ್ಕೇ ನಿಂತಿತು. ಕುರ್ಚಿ ಎಳೆದು ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ತಿಳಿಯದ್ದನ್ನ ಕೇಳಿ ಅಂತ ಅಷ್ಟೇ ಕಣಮ್ಮ. ನಾನೇ ಬಿಡಿಸಿ ಹೇಳಬೇಕಿತ್ತು. ಕನ್ನಡದಲ್ಲಿ ಕೇಳು, ತೆಲುಗಲ್ಲಿ ಕೇಳು. ಈಗಲೇ ಕೇಳು."

ಅಕ್ಕ ಸೆರಗಿನ ತುದಿ ತಿರುಚುತ್ತಾ, "ಆಸ್ಮೋಸಿಸ್ ಅಂದ್ರೇನು ಮೇಡಂ?" ಎಂದಳು.

"ಮಾವಿನಕಾಯಿ ಹೋಳುಗಳಿಗೆ ಉಪ್ಪು ಬೆರೆಸಿಟ್ರೆ ಏನಾಗುತ್ತೆ?"

"ನೀರು ಬಿಡ್ತದೆ. ಹೋಳು ಮುದುರ್ಕಂತದೆ."

"ಹೊರಗೆ ಉಪ್ಪು ಜಾಸ್ತಿ ಆದಾಗ ಒಳಗಿನ ನೀರು ಜೀವಕೋಶದ ತೆಳು ಪೊರೆ ದಾಟಿ ಆಚೆ ಬರುತ್ತೆ. ಅದೇ ಆಸ್ಮೋಸಿಸ್!"

"ಇಷ್ಟೇನಾ!" ಎಂದ ಅಕ್ಕನ ಮುಖ ಅರಳಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಒಂದರ ಹಿಂದೊಂದು ಕೇಳುತ್ತಲೇ ಹೋದಳು. ಅಪ್ಪ ಟವಲಿನಿಂದ ಕಣ್ಣೊರೆಸಿಕೊಂಡರು.

ಆ ಸಂಜೆ ಊರಿಗೆ ಮರಳಿದವರು ನಾನು, ಅಪ್ಪ ಇಬ್ಬರೇ. ಅಂದಿನಿಂದ ಮೇಡಂ ಪ್ರತಿ ಪಾಠವನ್ನೂ ಮೊದಲು ಮನೆಮಾತಿನಲ್ಲಿ ಹೇಳಿ, ಆಮೇಲೆ ಇಂಗ್ಲಿಷಿಗೆ ಹೋಗುತ್ತಿದ್ದರಂತೆ. ಅಕ್ಕ ಪಾಸಾದಳು, ಕಲ್ಯಾಣದುರ್ಗದಲ್ಲೇ ಟೀಚರಾದಳು. ಆ ಮೇಡಂ ಅವರ ಋಣ ನಮ್ಮ ಮನೆಯ ಮೇಲೆ ದೊಡ್ಡದಿದೆ.

ಮಕ್ಕಳೇ, ನೀವೀಗ ತಿಳಿಯದ ಪದವನ್ನು ಫೋನಿಗೇ ಕೇಳುತ್ತೀರಿ. ಕ್ಲಾಸಿನಲ್ಲಿ ಕೈಯೆತ್ತಿ, ಮೂರು ಭಾಷೆ ಕಲಸಿ ಮಾತಾಡಿದರೂ ನಿಮ್ಮ ಟೀಚರ್ ನಗುತ್ತಲೇ ಹೇಳಿಕೊಡುತ್ತಾರೆ. ನಿಮಗೆ ಅದು ದಿನದ ಮಾತು. ತಿಳಿಯದ್ದನ್ನು ನಮ್ಮ ಮಾತಿನಲ್ಲೇ ಕೇಳುವ ಧೈರ್ಯ ನಮ್ಮ ಮನೆಗೆ ಮೊದಲು ಸಿಕ್ಕಿದ್ದು ಆ ದಿನ.