ಅತ್ತೆ ಕೂಗಿದ ವನ್ಸ್ ಮೋರ್

ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯಲ್ಲಿ ನನ್ನ ನಿದ್ದೆಗೆ ದೊಡ್ಡ ಹೆಸರಿತ್ತು. ಎಲ್ಲಿ ಕೂರಿಸಿದರೆ ಅಲ್ಲಿ ಮಲಗಿಬಿಡುತ್ತಿದ್ದೆ. ಊಟದ ತಟ್ಟೆಯ ಮುಂದೆ ಮಲಗಿದ್ದೇನೆ, ಹರಿಹರದ ಬಸ್ಸಿನಲ್ಲಿ ಅವ್ವನ ಸೆರಗು ಹಿಡಿದು ನಿಂತೇ ಮಲಗಿದ್ದೇನೆ. ಇದರಿಂದ ನನಗೇನೂ ನಷ್ಟವಾಗಿರಲಿಲ್ಲ. ಆದರೆ ದಾವಣಗೆರೆಗೆ ಆ ನಾಟಕ ಕಂಪನಿ ಬಂದಿತು ನೋಡಿ ಮಕ್ಕಳೇ, ಆಗ ಶುರುವಾಯಿತು ನನ್ನ ಕಷ್ಟ.

ಕಂಪನಿ ಎಂದರೆ ನಿಮ್ಮಪ್ಪ ದಿನಾ ಬೆಳಿಗ್ಗೆ ಬೈಕು ಹತ್ತಿ ಕರೂರಿನ ಫ್ಯಾಕ್ಟರಿಗಳ ಕಡೆ ಕೆಲಸಕ್ಕೆ ಹೋಗುತ್ತಾನಲ್ಲ, ಅಂಥದ್ದಲ್ಲ. ಹಾಡುವವರು, ಕುಣಿಯುವವರು, ಪರದೆ ಬರೆಯುವವರು, ಅವರಿಗೆಲ್ಲ ಅಡುಗೆ ಮಾಡುವವರು ಲಾರಿಗಳಲ್ಲಿ ಬಂದಿಳಿದು, ಬಯಲಿನಲ್ಲಿ ತಗಡಿನ ಥಿಯೇಟರ್ ಎಬ್ಬಿಸಿ, ತಿಂಗಳುಗಟ್ಟಲೆ ಅಲ್ಲೇ ಸಂಸಾರ ಹೂಡುತ್ತಿದ್ದರು. ಆ ವರ್ಷ ಅವರು ಆಡಿದ ನಾಟಕ ‘ಹೊಳೆದಂಡೆ ಸೊಸೆ’. ಅದರಲ್ಲಿ ಮಾತಿಗಿಂತ ಹಾಡೇ ಹೆಚ್ಚು. ಹಾಡು ಹಿಡಿಸಿದರೆ ಜನ ‘ವನ್ಸ್ ಮೋರ್’ ಎಂದು ಕೂಗುತ್ತಿದ್ದರು. ಕೂಗಿದರೆ ಮುಗಿಯಿತು, ಹಾಡಿದವರು ಮತ್ತೆ ಮೊದಲಿಂದ ಹಾಡಲೇಬೇಕು. ಎರಡನೇ ಅಂಕದಲ್ಲಿ ಸೊಸೆಯ ಮಾವ ಹಾಡುತ್ತ ಹಾಡುತ್ತ ಪ್ರಾಣ ಬಿಡುತ್ತಿದ್ದ. ಒಂದು ದಿನ ಅವನು ಮೂರು ಸಲ ಎದ್ದು, ಪಂಚೆ ಕೊಡವಿಕೊಂಡು, ಹಾಡಿ, ಮೂರು ಸಲ ಸತ್ತ. ಯಾರಿಗೂ ಅದು ವಿಚಿತ್ರವೆನಿಸಲಿಲ್ಲ.

ಕಥೆ ಇಷ್ಟೇ. ಹೊಳೆಯ ಈ ದಂಡೆಯಲ್ಲಿ ಗಂಡನ ಮನೆ, ಆ ದಂಡೆಯಲ್ಲಿ ತವರುಮನೆ, ನಡುಗಡ್ಡೆಯಲ್ಲಿ ಒಂದು ಗುಡಿ. ಗಂಡನ ಮನೆಯಲ್ಲಿ ನೊಂದ ಸೊಸೆ ಕೊನೆಯಲ್ಲಿ ಗುಡಿಗೆ ಬಂದು, ದೀಪವೊಂದನ್ನು ಹಿಡಿದು ದೋಣಿ ಹತ್ತುತ್ತಾಳೆ. ‘ಯಾವ ದಂಡೆಗವ್ವ?’ ಎಂದು ದೋಣಿಯವನು ಕೇಳುತ್ತಾನೆ. ಅವಳು ಉತ್ತರ ಕೊಡದೆ ಹಾಡುತ್ತಾಳೆ. ಹಾಡು ಮುಗಿಯುವ ಹೊತ್ತಿಗೆ ದೋಣಿ ಆ ಕಡೆಗೂ ಹೋಗದೆ ಈ ಕಡೆಗೂ ಹೋಗದೆ ಎರಡು ಮಾರು ಜನರ ಕಡೆಗೆ ಬರುತ್ತದೆ, ಪರದೆ ಬೀಳುತ್ತದೆ. ಇದೆಲ್ಲ ನಾನು ಕೇಳಿ ತಿಳಿದದ್ದು. ನಾಲ್ಕು ಸಲ ಹೋಗಿದ್ದೆ, ನಾಲ್ಕೂ ಸಲ ಅವ್ವನ ತೊಡೆಯ ಮೇಲೆ ಮಲಗಿದ್ದೆ.

ನೋಡಿದವರನ್ನು ಕೇಳಿಕೊಂಡು, ನಾನೂ ನೋಡಿದ್ದೇನೆ ಎಂದು ಶಾಲೆಯಲ್ಲಿ ಜಂಬ ಕೊಚ್ಚಬಹುದಿತ್ತು. ಅದಕ್ಕೂ ಕಲ್ಲು ಬಿತ್ತು. ಸೊಸೆ ಎತ್ತ ಹೋದಳೆಂದು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಗಂಡನ ಮನೆಗೇ ಹೋದಳು ಎಂದು ಅಪ್ಪ. ಇಲ್ಲದಿದ್ದರೆ ಮನೆ ಬೆಳಗುವ ದೀಪ ಯಾಕೆ ಹಿಡಿಯುತ್ತಿದ್ದಳು ಎನ್ನುವುದು ಅವನ ವಾದ. ಗಂಡನ ಮನೆಯ ಕಡೆ ಅವಳು ತಿರುಗಿಯೂ ನೋಡಲಿಲ್ಲ, ತವರಿಗೇ ಹೋದಳು ಎಂದು ಅವ್ವ. ಪಕ್ಕದ ಮನೆಯ ಅಜ್ಜ ವಿಭೂತಿ ಹಚ್ಚಿಕೊಳ್ಳುತ್ತ, ಹೊಳೆ ಎಂದರೆ ಸಂಸಾರ, ದೋಣಿಯವನೇ ಶಿವ ಎನ್ನುತ್ತಿದ್ದ. ಬೀದಿ ಕೊನೆಯ ದೋಸೆ ಹೋಟೆಲಿನವನು, ಆ ದೋಣಿಯವನು ಅವಳ ಕಳೆದುಹೋದ ಅಣ್ಣ ಎಂದು ಆಣೆ ಮಾಡುತ್ತಿದ್ದ. ಈ ಜಗಳ ಜೋರಾದ ದಿನ ಕಾವಲಿಯ ಮೇಲೆ ದೋಸೆ ಸೀದು, ಬೆಣ್ಣೆ ಕರಕಲಾದ ವಾಸನೆ ನಮ್ಮ ಮನೆಯವರೆಗೂ ಬರುತ್ತಿತ್ತು.

ಏನೂ ಹೇಳದೆ ಇದ್ದವಳು ನಮ್ಮ ಅತ್ತೆ ಒಬ್ಬಳೇ. ಅತ್ತೆ ಅಪ್ಪನ ತಂಗಿ. ಗಂಡನ ಮನೆಯಲ್ಲಿ ಬಾಳಲಾಗದೆ ಒಂದು ಮಧ್ಯಾಹ್ನ ಟ್ರಂಕು ಹಿಡಿದು ನಮ್ಮ ಮನೆಗೆ ಬಂದಿದ್ದಳು. ಬಂದು ವರ್ಷವಾಗಿತ್ತು. ಹೊಲಿಗೆ ಯಂತ್ರದ ಮುಂದೆ ಕೂತು ಬೀದಿಯವರ ರವಿಕೆಗಳನ್ನೆಲ್ಲ ಹೊಲಿಯುತ್ತಿದ್ದಳು. ಕಂಪನಿಯ ಮೈಕಿನಿಂದ ಕೇಳಿ ಕೇಳಿ ಎಲ್ಲ ಹಾಡೂ ಅವಳಿಗೆ ಬಾಯಿಪಾಠವಾಗಿತ್ತು, ಆದರೆ ನಾಟಕಕ್ಕೆ ಮಾತ್ರ ಹೋಗಿರಲಿಲ್ಲ. ಗಂಡನನ್ನು ಬಿಟ್ಟು ಬಂದವಳು ನಾಟಕ ನೋಡುತ್ತ ಕೂತಳು ಎಂದು ಜನ ಆಡಿಕೊಳ್ಳುತ್ತಾರೆಂಬ ಹೆದರಿಕೆ. ಮನೆಯಲ್ಲಿ ಸೊಸೆಯ ವಿಷಯ ಎದ್ದ ಕೂಡಲೇ ಅವಳ ಯಂತ್ರ ಇನ್ನಷ್ಟು ಜೋರಾಗಿ ಓಡುತ್ತಿತ್ತು. ಅಪ್ಪ ಅವ್ವ ಜಗಳವಾಡುತ್ತಿದ್ದದ್ದು ನಾಟಕದ ಸೊಸೆಗಾಗಿಯಲ್ಲ, ಇವಳಿಗಾಗಿಯೇ ಎಂದು ನನಗೆ ಹೊಳೆದದ್ದು ಬಹಳ ವರ್ಷಗಳ ನಂತರ.

ಕಂಪನಿ ಊರು ಬಿಡುವ ದಿನ ಬಂತು. ಭಾನುವಾರ ಮಧ್ಯಾಹ್ನದ್ದೇ ಕೊನೆಯ ಆಟ. ಮರುದಿನ ಸೋಮವಾರ ಅತ್ತೆಯನ್ನು ವಾಪಸು ಕರೆದೊಯ್ಯಲು ಅವಳ ಗಂಡನ ಮನೆಯ ಹಿರಿಯರು ಬರುವವರಿದ್ದರು. ಕಳಿಸುತ್ತೇನೆ ಎಂದು ಅಪ್ಪ ಹೆಚ್ಚುಕಡಿಮೆ ಒಪ್ಪಿಬಿಟ್ಟಿದ್ದ. ಅತ್ತೆ ಆ ವಾರವೆಲ್ಲ ಸರಿಯಾಗಿ ಉಣ್ಣಲಿಲ್ಲ. ನಾನೋ, ಕೊನೆ ನೋಡುವ ಮೊದಲೇ ಕಂಪನಿ ಹೋಗಿಬಿಡುತ್ತದಲ್ಲ ಎಂದು ಹೊಸ್ತಿಲ ಮೇಲೆ ಕೂತು ಅಳತೊಡಗಿದೆ.

“ನೀನು ಮತ್ತ ಮಲಗ್ತೀಯ ಬಿಡು,” ಅಂದ ಅಪ್ಪ.

“ಚಿವುಟಾಕೆ ಯಾರಾದ್ರೂ ಜತಿಗೆ ಇದ್ರೆ ಮಲಗಲ್ಲ,” ಅಂದೆ.

ಅವ್ವ ಅತ್ತೆಯ ಕಡೆ ತಿರುಗಿದಳು. “ನಂಗೆ ಇವತ್ತು ಕೈತುಂಬ ಕೆಲಸ ಐತೆ. ನೀನೇ ಹೋಗಿ ಬಾರವ್ವ. ಮಗು ಸಲುವಾಗಿ ಹೋಗಿದ್ಳು ಅಂದ್ರೆ ಯಾರೂ ಏನೂ ಅನ್ನಂಗಿಲ್ಲ.” ಅವ್ವನಿಗೆ ಅವತ್ತು ಯಾವ ಕೆಲಸವೂ ಇರಲಿಲ್ಲ.

ಅತ್ತೆ ನೀಲಿ ಸೀರೆ ಉಟ್ಟಳು. ಅಪ್ಪ ಹನ್ನೆರಡನೇ ಸಲ ನೋಡಲು ನಮ್ಮ ಹಿಂದೆಯೇ ಬಂದು ಗಂಡಸರ ಕಡೆ ಕೂತ. ನಾವು ಹೆಂಗಸರ ಕಡೆ. ಒಳಗೆ ತಗಡು ಕಾದು ಬೆವರು ಇಳಿಯುತ್ತಿತ್ತು. ಮಲ್ಲಿಗೆ, ಮಿರ್ಚಿ, ಒಗ್ಗರಣೆ ಮಂಡಕ್ಕಿ, ಮಕ್ಕಳ ತಲೆಯ ಕೊಬ್ಬರಿ ಎಣ್ಣೆ ಎಲ್ಲದರ ವಾಸನೆ ಒಂದೇ ಸಲ ಮೂಗಿಗೆ ಬರುತ್ತಿತ್ತು. ಮೇಲಿನ ತಗಡಿನಲ್ಲಿ ಮೊಳೆ ಹೊಡೆದ ತೂತುಗಳಿಂದ ಬಿಸಿಲು ಇಳಿದು, ಹೊಳೆಯಾಗಿ ಅಲ್ಲಾಡಿಸುತ್ತಿದ್ದ ನೀಲಿ ಬಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಮಿನುಗುತ್ತಿತ್ತು. ರಾತ್ರಿ ಆಟಗಳಲ್ಲಿ ಇಂಥ ಹೊಳೆ ಯಾರಿಗೂ ಕಂಡಿರಲಿಲ್ಲ.

ಮೊದಲ ಹಾಡಿಗೇ ಅತ್ತೆ ನನ್ನ ಕೈ ಹಿಡಿದುಕೊಂಡಳು. ಹಿಡಿದವಳು ಬಿಡಲೇ ಇಲ್ಲ. ಚಿವುಟುವುದು ಮರೆತೇಹೋಯಿತು, ಆದರೆ ಅವಳ ಬಳೆ ನನ್ನ ಮಣಿಕಟ್ಟಿಗೆ ಒತ್ತಿ ಒತ್ತಿ ನಿದ್ದೆ ಹತ್ತಿರ ಸುಳಿಯಲಿಲ್ಲ. ಹಾಗಾಗಿ ನಾನು ನೋಡಿದೆ. ಸೊಸೆ ದೀಪ ಹಿಡಿದು ಬಂದಳು. ಗಡ್ಡದ ದೋಣಿಯವನು ಕೇಳಿದ. ಅವಳು ಹಾಡಿದಳು. ಅಡಿಯ ಚಕ್ರ ಕಿರುಗುಟ್ಟುತ್ತ ದೋಣಿ ಎರಡು ಮಾರು ಮುಂದೆ ಬಂತು, ಪರದೆ ಬಿತ್ತು. ಇಷ್ಟೇನಾ ಎಂದುಕೊಂಡೆ. ನಿಜ ಹೇಳಬೇಕೆಂದರೆ ನನಗೆ ಬೇಸರವೇ ಆಯಿತು.

ಮಧ್ಯಾಹ್ನದ ಆಟದಲ್ಲಿ ಕೊನೆಯ ಹಾಡಿಗೆ ಯಾರೂ ವನ್ಸ್ ಮೋರ್ ಕೂಗುತ್ತಿರಲಿಲ್ಲ. ನಂದಿಗುಡಿ ಕಡೆಯ ಬಸ್ಸು ತಪ್ಪುತ್ತದೆಂದು ಹಳ್ಳಿಯವರು ಆಗಲೇ ಚಪ್ಪಲಿ ಹುಡುಕುತ್ತಿರುತ್ತಿದ್ದರು. ಅವತ್ತೂ ಅರ್ಧ ಜನ ಎದ್ದು ನಿಂತಿದ್ದರು. ಆಗ ನನ್ನ ಪಕ್ಕದಲ್ಲೇ ಒಂದು ದನಿ ಎದ್ದಿತು.

“ವನ್ಸ್ ಮೋರ್!”

ಅತ್ತೆ ನಿಂತಿದ್ದಳು. ಮನೆಯಲ್ಲಿ ನೀರು ಕೇಳುವಾಗಲೂ ಮೆಲ್ಲಗೆ ಕೇಳುತ್ತಿದ್ದ ಅತ್ತೆ. ಹೆಂಗಸರ ಕಡೆಯಿಂದ ಒಬ್ಬಳೇ ಕೂಗಿದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ, ಎಲ್ಲರೂ ತಿರುಗಿ ನೋಡಿದರು. ಅವಳ ಮುಖ ಕೆಂಪಾಯಿತು. ನಾಚಿ ಕೂತುಬಿಡುತ್ತಾಳೆ ಎಂದುಕೊಂಡೆ. ಕೂರಲಿಲ್ಲ, ಇನ್ನೂ ಗಟ್ಟಿಯಾಗಿ ಕೂಗಿದಳು. ನಮ್ಮ ಹಿಂದಿನ ಮುದುಕಿಯೊಬ್ಬಳು, “ಕೂಗವ್ವ ಕೂಗು, ಬಸ್ಸು ಹೋದ್ರೆ ಹೋಗ್ಲಿ,” ಎಂದು ತಾನೂ ದನಿ ಸೇರಿಸಿದಳು. ಆಮೇಲೆ ಹೆಂಗಸರೆಲ್ಲ ಕೂಗಿದರು. ಹಾರ್ಮೋನಿಯಂ ಮಾಸ್ತರು ಮುಚ್ಚಿದ್ದ ಪೆಟ್ಟಿಗೆಯನ್ನು ಮತ್ತೆ ತೆರೆದರು.

ಪರದೆ ಎದ್ದಿತು. ಸೊಸೆ ದೀಪ ಹಿಡಿದು ಬಂದು ದೋಣಿ ಹತ್ತಿದಳು. ದೋಣಿಯಲ್ಲಿ ದೋಣಿಯವನೇ ಇಲ್ಲ. ಆಟ ಮುಗಿಯಿತೆಂದು ಅವನು ಗಡ್ಡ ಕಿತ್ತಿಟ್ಟು ಹೊರಗೆ ಚಹಾದಂಗಡಿಗೆ ಹೋಗಿಬಿಟ್ಟಿದ್ದ. ‘ಯಾವ ದಂಡೆಗವ್ವ?’ ಎಂದು ಕೇಳುವವರು ಯಾರೂ ಇಲ್ಲ. ಅವಳು ಒಂದು ಗಳಿಗೆ ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಮಾಸ್ತರು ಅದೇ ಸಾಲನ್ನು ಬಾರಿಸುತ್ತಲೇ ಇದ್ದರು. ಕೊನೆಗೆ ಅವಳು ದೀಪವನ್ನು ದೋಣಿಯ ಮುಂದುಗಡೆ ಇಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಿದ್ದಿದ್ದ ಹುಟ್ಟನ್ನು ತಾನೇ ಎತ್ತಿಕೊಂಡು ನೀರು ನೂಕುತ್ತ ಹಾಡಿದಳು. ತಗಡು ಹಾರಿಹೋಗುವ ಹಾಗೆ ಜನ ಶಿಳ್ಳೆ ಹೊಡೆದರು. ಅತ್ತೆ ಮಾತ್ರ ಶಿಳ್ಳೆಯಿಲ್ಲ ಚಪ್ಪಾಳೆಯಿಲ್ಲ, ಕೆನ್ನೆ ತೋಯಿಸಿಕೊಂಡು ನಗುತ್ತಿದ್ದಳು.

ಮನೆಗೆ ನಡೆದು ಬರುವಾಗ ಅಪ್ಪ ದಾರಿಯುದ್ದಕ್ಕೂ ತಲೆ ಕೆರೆದುಕೊಳ್ಳುತ್ತಿದ್ದ. ಹನ್ನೊಂದು ಸಲ ನೋಡಿ ಕಟ್ಟಿದ ವಾದ ಅವನದು, ಬಿಡುವುದು ಸುಲಭವೇ?

“ಆ ಎರಡನೇ ಸಲದ್ದು ಆಟಕ್ಕಿಲ್ಲ,” ಅಂದ ಕೊನೆಗೆ. “ದೋಣಿಯವ್ನು ಇರ್ಲಿಲ್ಲ ಅಂತ ಆಕಿ ಹಂಗೆ ಮಾಡಿದ್ಳು.”

“ಹೌದಣ್ಣ, ಇರ್ಲಿಲ್ಲ. ಅದನ್ನೇ ನಾನೂ ಹೇಳೋದು,” ಅಂದಳು ಅತ್ತೆ. ನಾಲ್ಕು ಹೆಜ್ಜೆ ನಡೆದು ಮತ್ತೆ ಹೇಳಿದಳು, “ನಾಳೆ ಅವ್ರು ಬಂದ್ರೆ ನಾನೇ ಮಾತಾಡ್ತೀನಿ. ನಾ ಅಲ್ಲಿಗೆ ಹೋಗಲ್ಲ.”

“ಹೋಗೋದು ಬ್ಯಾಡ ಬಿಡು. ಅಣ್ಣನ ಮನಿ ಐತೆ, ಇಲ್ಲೇ ಇರು.”

“ಇಲ್ಲೂ ಸುಮ್ನೆ ಕೂತಿರಲ್ಲ. ಹರಿಹರದಾಗ ಹೆಣ್ಮಕ್ಳಿಗೆ ಹೊಲಿಗೆ ಕಲ್ಸಾಕೆ ಒಬ್ರು ಬೇಕಂತೆ. ದಿನಾ ಬಸ್ಸಿಗೆ ಹೋಗಿ ಬರ್ತೀನಿ.”

ಅಪ್ಪ ನನ್ನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ.

ಸೋಮವಾರ ಹಿರಿಯರು ಬಂದರು. “ಬರ್ರಿ, ಕೂಡ್ರಿ” ಎಂದು ಅತ್ತೆಯೇ ಚಾಪೆ ಹಾಸಿದಳು, ಅವಲಕ್ಕಿ ಕೊಟ್ಟಳು, ಎದುರು ನಿಂತು ತನ್ನ ಮಾತು ಹೇಳಿದಳು. ಅವರು ಅಪ್ಪನ ಮುಖ ನೋಡಿದರು. “ಆಕಿ ಹೇಳಿದ ಮ್ಯಾಲೆ ಮುಗೀತ್ರಿ,” ಅಂದ ಅಪ್ಪ. ಅಪ್ಪನ ಮೇಲೆ ನನಗೆ ಅಷ್ಟು ಪ್ರೀತಿ ಉಕ್ಕಿದ್ದು ಅದೇ ಮೊದಲು. ಮುಂದಿನ ತಿಂಗಳಿಂದ ಅತ್ತೆ ಹರಿಹರಕ್ಕೆ ಹೋಗತೊಡಗಿದಳು. ಎಷ್ಟೋ ವರ್ಷ, ಎಷ್ಟೋ ಹುಡುಗಿಯರಿಗೆ ಹೊಲಿಗೆ ಕಲಿಸಿದಳು. ದೋಸೆ ಹೋಟೆಲಿನಲ್ಲಿ ಮಾತ್ರ ಜಗಳ ಇನ್ನೂ ಹೆಚ್ಚಾಯಿತು. ಮೊದಲನೇ ಸಲದ್ದೇ ಖರೆ ಎನ್ನುವವರದೊಂದು ಮೇಜು, ಎರಡನೆಯದೇ ಖರೆ ಎನ್ನುವವರದೊಂದು ಮೇಜು.

ಈಗ ನಿಮಗೆ ಇಷ್ಟವಾದದ್ದೆಲ್ಲ ಅಂಗೈಯ ಫೋನಿನಲ್ಲೇ ಇದೆ. ನಿದ್ದೆ ಬಂದರೆ ನಿಲ್ಲಿಸಿ ಮಲಗುತ್ತೀರಿ, ಬೆಳಿಗ್ಗೆ ಎದ್ದು ಅಲ್ಲಿಂದಲೇ ನೋಡುತ್ತೀರಿ. ಆ ಭಾಗ್ಯ ನನಗಿದ್ದಿದ್ದರೆ ಹೊಸ್ತಿಲ ಮೇಲೆ ಕೂತು ಅಳುವುದು ತಪ್ಪುತ್ತಿತ್ತು. ಕೊನೆಯಲ್ಲಿ ಏನಾಯಿತೆಂದು ನೀವೂ ಜಗಳವಾಡುತ್ತೀರಿ, ಮುಖ ಕಾಣದವರ ಜೊತೆಗೂ ಟೈಪ್ ಮಾಡಿ ಮಾಡಿ ಜಗಳವಾಡುತ್ತೀರಿ. ಅದನ್ನು ಕಂಡರೆ ನನಗೆ ಬಲು ಖುಷಿ. ಮೊನ್ನೆ ನೀವು ಒಂದೇ ಹಾಡನ್ನು ಹತ್ತು ಸಲ ಹಾಕಿದಾಗ ನಾನೂ ಪಕ್ಕದಲ್ಲಿ ಕೂತು ನೋಡಿದೆ. ಹತ್ತು ಸಲವೂ ಎಲ್ಲರೂ ಅವರವರ ಜಾಗದಲ್ಲೇ ಇದ್ದರು, ಒಂದು ಹೆಜ್ಜೆಯೂ ತಪ್ಪಲಿಲ್ಲ. ನಮ್ಮ ನಾಟಕವನ್ನೂ ಯಾರಾದರೂ ಹಾಗೆ ಫೋನಿನಲ್ಲಿ ಹಿಡಿದಿಟ್ಟಿದ್ದರೆ, ಎರಡನೇ ಸಲವೂ ಆ ಗಡ್ಡದವನು ಬಂದು ಹುಟ್ಟು ಹಿಡಿಯುತ್ತಿದ್ದ. ಅವನು ಆ ಹೊತ್ತಿಗೆ ಸರಿಯಾಗಿ ಚಹಾ ಕುಡಿಯಲು ಹೋಗಿದ್ದು ನಮ್ಮ ಅತ್ತೆಯ ಪುಣ್ಯ.