ಮಧ್ಯಾಹ್ನದ ಪಾಳಿ

ನೈರೋಬಿಯ ಹರ್ಲಿಂಗ್‌ಹ್ಯಾಮಿನ ಕ್ಲಿನಿಕ್ಕಿನಲ್ಲಿ ಕೂತು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಪಕ್ಕದಲ್ಲಿದ್ದ ಅಜ್ಜಿ, "ಓ, ಕನ್ನಡವಾ!" ಎಂದು ನನ್ನ ಕೈ ಹಿಡಿದುಕೊಂಡರು. ಮಂಗಳೂರು ಕಡೆಯವರು, ತೊಂಬತ್ತರ ಹತ್ತಿರದ ವಯಸ್ಸು. ಮುಂದಿನ ಶನಿವಾರವೇ ಇದೇ ಊರಿನ ಪಂಗಾನಿ ಬಡಾವಣೆಯ ತಮ್ಮ ಮನೆಗೆ ಊಟಕ್ಕೆ ಕರೆದರು. ಈ ಕಥೆ ಕೇಳಿದ್ದು ಅಲ್ಲಿ.

ಮದುವೆಯಾಗಿ ಹಡಗಿನಲ್ಲಿ ಈ ದೇಶಕ್ಕೆ ಬಂದಾಗ ಅವರಿಗೆ ಹತ್ತೊಂಬತ್ತು. ಗಂಡ ದೇಶದ ಪಶ್ಚಿಮದಲ್ಲಿ, ಉಗಾಂಡದ ಗಡಿ ಹತ್ತಿರದ ಪುಟ್ಟ ರೈಲು ಸ್ಟೇಷನ್ನಿನ ಮಾಸ್ತರರು. ಸುತ್ತ ಆಳೆತ್ತರದ ಹುಲ್ಲು, ಮಾತಿಗೊಬ್ಬರಿಲ್ಲ. ಬೇಸರ ತಡೆಯದೆ ಅಕ್ಕಿ ಆರಿಸುವ ಮೊರ ಹಿಡಿದು ಸ್ಟೇಷನ್ನಿನ ಕೋಣೆಯಲ್ಲೇ ಕೂರುತ್ತಿದ್ದರಂತೆ. ಗಂಡ ತಂತಿ ಯಂತ್ರ ಕುಟ್ಟುವುದನ್ನು ಕೇಳಿ ಕೇಳಿ, ಯಾವ ಸದ್ದಿಗೆ ಯಾವ ಇಂಗ್ಲಿಷ್ ಅಕ್ಷರ ಎಂಬುದು ತಲೆಗೆ ಹತ್ತಿಬಿಟ್ಟಿತು.

ಎರಡನೆಯ ವರ್ಷ ಗಂಡನಿಗೆ ಮಲೇರಿಯಾ ಬಂತು. ಅವರು ಒಳಗೆ ನಡುಗುತ್ತ ಮಲಗಿದ್ದಾರೆ. ಇಲ್ಲಿ ಪಕ್ಕದ ಸ್ಟೇಷನ್ನಿನಿಂದ, ರೈಲು ಬಿಡಬಹುದೇ ಎಂದು ತಂತಿಯ ಮೇಲೆ ತಂತಿ. ರೈಲಿಗೆ ಬಾವುಟ ತೋರಿಸುವ ಇನ್ನೊಬ್ಬ ನೌಕರನಿಗೆ ಓದು ಬಾರದು.

"ಎಂತ ಮಾಡುವುದು ಹೇಳು? ಹೊರಗೆ ಹೋಗಿ ನೋಡಿದೆ, ಹಳಿ ಖಾಲಿ ಉಂಟು. ಬಂದು ಕೂತು, ಬಿಡಬಹುದು ಅಂತ ಕುಟ್ಟಿದೆ."

"ಹೆದರಿಕೆ ಆಗ್ಲಿಲ್ವಾ ಅಜ್ಜಿ?"

"ಆಗದೆ ಉಂಟಾ! ಮೊದಲ ರೈಲು ದಾಟುವವರೆಗೆ ಹಳಿ ಬದಿಯಲ್ಲೇ ನಿಂತಿದ್ದೆ."

ಹೀಗೆ ಮೂರು ದಿನ. ಒಂದು ರೈಲೂ ತಡವಾಗಲಿಲ್ಲ. ಮರುವಾರ ಆ ಪಕ್ಕದ ಸ್ಟೇಷನ್ನಿನ ಮಾಸ್ತರರು ಬಂದು, ಹೋದ ವಾರದಷ್ಟು ಸ್ಪಷ್ಟವಾದ ತಂತಿ ನಿಮ್ಮಿಂದ ಯಾವತ್ತೂ ಬಂದಿರಲಿಲ್ಲ ಎಂದು ಗಂಡನ ಬೆನ್ನು ತಟ್ಟಿದರು. ನಿಜ ಹೇಳಿದರೆ ಕೆಲಸಕ್ಕೇ ಕುತ್ತು. ಗಂಡ ನಕ್ಕು ಆ ಹೊಗಳಿಕೆಯನ್ನು ತಾವೇ ತೆಗೆದುಕೊಂಡರು.

"ಬೇಜಾರಾಯ್ತಾ?" ಎಂದೆ.

"ಆಯಿತು ಮಾರಾಯ್ತಿ. ಎರಡು ದಿನ ಅವರ ಹತ್ತಿರ ಮಾತಾಡಲಿಲ್ಲ. ಮೂರನೆಯ ದಿನ ಹೇಳಿದೆ, ಇನ್ನು ಮಧ್ಯಾಹ್ನದ ಪಾಳಿ ನನ್ನದು, ನೀವು ಮಲಗಿ ಅಂತ."

ಗಂಡ ಒಪ್ಪಿದರು. ನೈರೋಬಿಗೆ ವರ್ಗವಾಗುವವರೆಗೆ, ನಾಲ್ಕು ವರ್ಷ, ಆ ಸ್ಟೇಷನ್ನಿನ ಮಧ್ಯಾಹ್ನದ ರೈಲುಗಳಿಗೆಲ್ಲ ದಾರಿ ಕೊಟ್ಟವರು ಇವರು. ಯಾವ ಕಾಗದದಲ್ಲೂ ಅವರ ಹೆಸರಿಲ್ಲ.

ಇಷ್ಟು ಹೇಳಿ ಅಜ್ಜಿ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದರು. ನನ್ನ ಗಂಡನ ಕಂಪನಿಯ ಕಾರಿಲ್ಲದೆ ಈ ಊರಿನಲ್ಲಿ ಎಲ್ಲಿಗೂ ಹೋಗದ ನಾನು ತಂತಿ ಕುಟ್ಟಿದ ಆ ಕೈಯನ್ನೇ ನೋಡುತ್ತ ಕೂತೆ.