ಅವರ ಕೈ ನಡುಗುತ್ತಿರಲಿಲ್ಲ

ಹೋದ ತಿಂಗಳು ಬಳ್ಳಾರಿಯ ಬ್ರೂಸ್‌ಪೇಟೆಯ ಒಂದು ಕಿರಾಣಿ ಅಂಗಡಿಯ ಮುಂದೆ ನಿಂತಿದ್ದೆ. ಬಿಸಿಲು ಜೋರಾಗಿತ್ತು. ಅಂಗಡಿಯಾತ ಗಿರಾಕಿಗಳಿಗೆಂದು ಇಟ್ಟಿದ್ದ ನೀರಿನ ಗಡಿಗೆಗೆ ಗೋಣಿತಟ್ಟು ಸುತ್ತಿದ್ದ. ಅದು ಒಣಗಿತ್ತೆಂದು ಒಂದು ಚೊಂಬು ನೀರು ತಂದು ಮೇಲೆ ಸುರಿದ. ಒದ್ದೆ ಗೋಣಿಯ ವಾಸನೆ ಎದ್ದಿತು, ಅದರ ಬೆನ್ನಿಗೇ ಸುಟ್ಟ ಮಣ್ಣಿನದು... ನಾನು ಬೆಲ್ಲ ಕೊಳ್ಳಲು ಹೋಗಿದ್ದೆ. ಏನು ಬೇಕು ಎಂದು ಆತ ಎರಡು ಸಲ ಕೇಳಿದ. ಬರಿಗೈಯಲ್ಲಿ ಮನೆಗೆ ಬಂದೆ.

ಅಂಥದೇ ಒಂದು ಗಡಿಗೆ ಸಿರುಗುಪ್ಪದ ಒಂದು ಮನೆಯ ಮೂಲೆಯಲ್ಲಿತ್ತು. ಅದರಲ್ಲಿ ಕುಡಿಯುವ ನೀರಿರಲಿಲ್ಲ. ಅರ್ಧದವರೆಗೆ ಒದ್ದೆ ಮರಳು, ಮರಳಿನ ನಡುವೆ ಒಂದು ತಗಡಿನ ಡಬ್ಬಿ, ಡಬ್ಬಿಯೊಳಗೆ ಸಣ್ಣ ಗಾಜಿನ ಕೊಳವೆಗಳಲ್ಲಿ ಸಿಡುಬಿಗೆ ಹಾಕುವ ಮದ್ದು. ಆ ಗಡಿಗೆಗೆ ದಿನಕ್ಕೆ ಮೂರು ಸಲ ನೀರುಣಿಸುತ್ತಿದ್ದವರನ್ನು ಸುತ್ತಲ ಹಳ್ಳಿಯವರೆಲ್ಲ ದಾಕಿನ ತಾತ ಎನ್ನುತ್ತಿದ್ದರು. ದಾಕು ಎಂದರೆ ಸಿಡುಬು ಬರದಂತೆ ತೋಳಿಗೆ ಹಾಕುವ ಲಸಿಕೆ; ಅದನ್ನು ಹಾಕಲು ಬರುವ ತಾತ, ಅಷ್ಟೇ. ನಾನೂ ತಾತ ಎಂದೇ ಕರೆಯುತ್ತಿದ್ದೆ.

ಸ್ವಾತಂತ್ರ್ಯ ಬಂದ ಮರುಬೇಸಿಗೆಯ ಮಾತು. ಬಳ್ಳಾರಿ ಇನ್ನೂ ಮದ್ರಾಸಿಗೇ ಸೇರಿತ್ತು. ನನಗೆ ಹತ್ತೊಂಬತ್ತು ವರ್ಷ. ಅಪ್ಪನ ಜವಳಿ ಅಂಗಡಿಯ ಗಾದಿಯ ಮೇಲೆ ಕೂರಲು ಮನಸ್ಸಿಲ್ಲದೆ, ದಾಕು ಹಾಕುವ ಸರಕಾರಿ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಮೊದಲ ಆರು ತಿಂಗಳು ತರಬೇತಿ. ಒಬ್ಬ ಹಿರಿಯರ ಕೈಕೆಳಗೆ ಕಲಿಯಬೇಕು, ಅವರ ಹಿಂದೆ ಹಳ್ಳಿ ಸುತ್ತಬೇಕು, ಕೊನೆಗೆ ಅವರು ಒಳ್ಳೆಯ ಮಾತು ಬರೆದರೆ ಕೆಲಸ ಕಾಯಂ. ಹಾಗೆ ನಾನು ಸಿರುಗುಪ್ಪಕ್ಕೆ, ಈ ತಾತನ ಬಳಿಗೆ ಬಂದೆ.

ಉದ್ದನೆಯ, ಒಣಕಲು ಮನುಷ್ಯ. ಹಣೆಗೆ ವಿಭೂತಿ, ಮೈಮೇಲೆ ಬಣ್ಣ ಹೋದ ಖಾಕಿ ಕೋಟು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರೆ ಮೂಗು ಮುರಿಯುತ್ತಿದ್ದರು. ತಮ್ಮ ಕೈಯ ಬಗ್ಗೆ ಅವರಿಗೆ ಸ್ವಲ್ಪ ಜಂಬವೂ ಇತ್ತು. ಇರಬೇಕಾದ ಜಂಬವೇ ಅನ್ನಿ. ತೊಟ್ಟಿಲಲ್ಲಿ ಮಲಗಿದ ಕೂಸಿಗೆ ಎಚ್ಚರವಾಗದಂತೆ ದಾಕು ಹಾಕಿದ್ದನ್ನು ನಾನೇ ಕಂಡಿದ್ದೇನೆ. ತೋಳಿನ ಮೇಲೆ ಒಂದು ಹನಿ ಮದ್ದು ಬಿಟ್ಟು, ಸಣ್ಣ ಅಲಗಿನಿಂದ ಗೀರುತ್ತಿದ್ದರು. ತೊಗಲು ಕೆಂಪಾಗಬೇಕು, ರಕ್ತ ಹರಿಯಬಾರದು. ನನಗೆ ಕಲಿಸಿದ್ದು ಬದನೆಕಾಯಿಯ ಮೇಲೆ. ಸಿಪ್ಪೆ ಮಾತ್ರ ಗೀರಬೇಕು, ಒಳಗಿನ ಬಿಳಿ ಕಂಡರೆ ಇನ್ನೊಂದು ಬದನೆಕಾಯಿ. ಗೀರಿದ ಬದನೆಕಾಯಿಗಳನ್ನೇ ಅವರ ಹೆಂಡತಿ ಎಣ್ಣೆಗಾಯಿ ಮಾಡಿ ಬಡಿಸುತ್ತಿದ್ದರು. ಆ ತಿಂಗಳು ನಾವು ತಿಂದ ಬದನೆಕಾಯಿಗೆ ಲೆಕ್ಕವಿಲ್ಲ.

ಕೆಲಸ ನನಗೆ ಬೇಸರವಾಗಿರಲಿಲ್ಲ. ಆದರೆ ಗುರುವಾರ ಬಂತೆಂದರೆ ಮನಸ್ಸು ಬಳ್ಳಾರಿಯ ಬಸ್ಸು ಹತ್ತುತ್ತಿತ್ತು. ಅಲ್ಲಿ ನನ್ನ ಗೆಳೆಯರಿದ್ದರು. ಬ್ರೂಸ್‌ಪೇಟೆಯ ಹುಡುಗರು ಸೇರಿ ಒಂದು ಫುಟ್‌ಬಾಲ್ ತಂಡ ಕಟ್ಟಿದ್ದೆವು, ಅದರಲ್ಲಿ ನಾನು ಮುಂದಿನ ಸಾಲಿನಲ್ಲಿ ಆಡುವವರಲ್ಲೊಬ್ಬ. ಭಾನುವಾರ ಬೆಳಿಗ್ಗೆ ಗುಡ್ಡ ಹತ್ತುವುದು, ಬಾವಿಯಲ್ಲಿ ಈಜುವುದು, ಮಂಡಕ್ಕಿ ಮಿರ್ಚಿ ತಿನ್ನುವುದು, ಸಂಜೆ ಆಟ. ತಾತ ಇದನ್ನೆಲ್ಲ ಕೇಳಿ ಕೇಳಿ ತಿಳಿದುಕೊಂಡಿದ್ದರು. ಒಂದು ದಿನ ಅವರೇ ಒಪ್ಪಂದ ಮಾಡಿದರು.

"ನೋಡಪಾ ತಮ್ಮಾ, ಮದ್ದು ಬರದ ಶನಿವಾರ ನಿಂದು. ಹೋಗು, ಆಡು, ಸೋಮವಾರ ಬಾ. ಮದ್ದು ಬರೋ ಶನಿವಾರ ಮಾತ್ರ ನಂದು. ಅವತ್ತು ಡಬ್ಬಿ ಕೈಗೆ ಬಂತಂದ್ರ ನೀ ಬಸ್ಸಿನ್ಯಾಗ ಇರಬೇಕು. ಅದು ಜೀವ ಇರೋ ಮದ್ದು. ಬಿಸಿಲಿಗೆ ಸಾಯ್ತೈತಿ. ಸತ್ತೈತಿ ಅಂತ ನೋಡಿದ್ರ ಗೊತ್ತಾಗಂಗಿಲ್ಲ."

ಮದ್ದು ಮದ್ರಾಸಿನಿಂದ ರೈಲಿನಲ್ಲಿ ಬಳ್ಳಾರಿಗೆ ಬರುತ್ತಿತ್ತು. ಎರಡು ಮೂರು ವಾರಕ್ಕೊಮ್ಮೆ ನಾನು ಹೋಗಿ ತರುತ್ತಿದ್ದೆ. ಮೊದಲ ಎರಡು ಸಲ ಹೇಳಿದಂತೆಯೇ ತಂದೆ. ಡಬ್ಬಿಗೆ ಒದ್ದೆ ಬಟ್ಟೆ ಸುತ್ತಿ, ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು, ಬಟ್ಟೆ ಒಣಗಿದಂತೆಲ್ಲ ನೀರು ಚಿಮುಕಿಸುತ್ತ...

ಆ ವರ್ಷ ಹೊಳೆಯಾಚೆಯ ನಿಜಾಮನ ಸೀಮೆಯಲ್ಲಿ ಗಲಾಟೆಯಾಗಿ ಜನ ಗುಂಪು ಗುಂಪಾಗಿ ಈಚೆ ಬರುತ್ತಿದ್ದರು. ಸಿಡುಬು ಅಲ್ಲಲ್ಲಿ ಕಾಣಿಸಿಕೊಂಡಿತ್ತು. ತಾತನಿಗೆ ಕುರುಗೋಡಿನ ಹತ್ತಿರದ ಒಂದು ಹಳ್ಳಿಯದೇ ಚಿಂತೆ. ಅಲ್ಲೊಬ್ಬ ಹೆಣ್ಣುಮಗಳಿದ್ದಳು. ಗಂಡನಿಲ್ಲದೆ ಹೊಲ ಮನೆ ನಡೆಸಿದವಳು, ಊರಿನ ಹೆಂಗಸರೆಲ್ಲ ಅವಳ ಮಾತು ಕೇಳುತ್ತಿದ್ದರು. ದಾಕು ಹಾಕಿಸಿದರೆ ಸಿಡುಬಿನ ಅಮ್ಮ ಸಿಟ್ಟಾಗುತ್ತಾಳೆ ಎಂದು ಮೂರು ವರ್ಷದಿಂದ ತಾತನನ್ನು ಬಾಗಿಲಲ್ಲೇ ತಡೆದು ಕಳಿಸುತ್ತಿದ್ದಳು. ಅವಳ ಮನೆಯಲ್ಲಿ ಏಳು ವರ್ಷದ ಒಬ್ಬ ಮೊಮ್ಮಗಳಿದ್ದಳು. ಆ ಬೇಸಿಗೆ ತಾತ ಅವಳ ಕಟ್ಟೆಯ ಮೇಲೆ ಇಡೀ ಮಧ್ಯಾಹ್ನ ಕೂತರು. ಬೆಳೆಯ ಮಾತು, ಎತ್ತಿನ ಮಾತು, ಸೊಸೆಯ ಮಾತು, ನಡುನಡುವೆ ತೆಲುಗು. ಹೊತ್ತು ಇಳಿಯುವಾಗ ಅವಳು ಒಪ್ಪಿದಳು.

"ಅಮ್ಮನ ಮ್ಯಾಲ ಭಾರ ಹಾಕಂಗಿಲ್ಲ ತಾತಾ. ನಿನ್ನ ಕೈ ಮ್ಯಾಲ ಹಾಕ್ತೀನಿ" ಎಂದಳು.

ಮುಂದಿನ ಮಂಗಳವಾರ ಬರುತ್ತೇವೆಂದು ಹೇಳಿ ಬಂದೆವು. ಆ ಶನಿವಾರ ನಾನು ಮದ್ದು ತರಲು ಬಳ್ಳಾರಿಗೆ ಹೋದೆ.

ಡಬ್ಬಿ ಬೆಳಿಗ್ಗೆಯೇ ಕೈಗೆ ಸಿಕ್ಕಿತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಮನೆಗೆ ಹೋಗಿ ಉಂಡು ಹೊರಡೋಣವೆಂದು ಹೋದರೆ ಗೆಳೆಯರು ಬಾಗಿಲಲ್ಲೇ ಕಾದಿದ್ದರು. ಮರುದಿನ ಸಂಜೆ ಕೌಲ್ ಬಜಾರಿನ ತಂಡದ ಮೇಲೆ ಆಟ. ಎರಡು ವರ್ಷದಿಂದ ಅವರ ಕೈಲಿ ಸೋಲುತ್ತಿದ್ದೆವು. ನೀನಿಲ್ಲದೆ ಹತ್ತು ಜನ ಆಡಬೇಕೇನೋ ಎಂದು ಒಬ್ಬ ಕೇಳಿದ. ಯಾರೂ ನನ್ನನ್ನು ಕಟ್ಟಿ ಹಾಕಲಿಲ್ಲ. ನಾನೇ ಉಳಿದೆ. ಮಂಗಳವಾರದ ಕೆಲಸ ತಾನೇ, ಸೋಮವಾರ ಮುಟ್ಟಿದರೆ ಸಾಕು ಎಂದು ನನಗೆ ನಾನೇ ಹೇಳಿಕೊಂಡೆ. ಡಬ್ಬಿಯನ್ನು ಮುಂದಿನ ಕೋಣೆಯ ಗೋಡೆಯ ಗೂಡಿನಲ್ಲಿಟ್ಟು, ಆಮೇಲೆ ನೀರಿನ ಗಡಿಗೆಯ ಪಕ್ಕ ಇಡಬೇಕು ಎಂದುಕೊಂಡು ಹೊರಗೆ ಹೋದೆ. ಆ ಕೋಣೆಗೆ ತಗಡಿನ ಸೂರು. ಆಮೇಲೆ ನೆನಪೇ ಆಗಲಿಲ್ಲ.

ಆಟ ಗೆದ್ದೆವು. ಒಂದು ಗೋಲು ನನ್ನದು. ಗೆಳೆಯರು ಹೆಗಲ ಮೇಲೆ ಹೊತ್ತು ಪೇಟೆಯ ಬೀದಿಯಲ್ಲಿ ತಂದರು. ಇವತ್ತಿಗೂ ಆ ಗೋಲು ಕಣ್ಣಿಗೆ ಕಟ್ಟಿದಂತಿದೆ. ಅದು ನೆನಪಿರುವುದಕ್ಕೇ ನಾಚಿಕೆಯಾಗುತ್ತದೆ.

ಸೋಮವಾರ ಬೆಳಿಗ್ಗೆ ಡಬ್ಬಿ ಮುಟ್ಟಿದೆ. ಎರಡು ದಿನದ ಬಿಸಿಲಿನ ಕಾವು ಇನ್ನೂ ತಗಡಿನಲ್ಲಿತ್ತು. ಸುತ್ತಿದ ಬಟ್ಟೆ ಹಪ್ಪಳವಾಗಿತ್ತು. ಮುಚ್ಚಳ ತೆಗೆದು ನೋಡಿದೆ. ಕೊಳವೆಗಳು ಶನಿವಾರ ಹೇಗಿದ್ದವೋ ಹಾಗೇ ಇದ್ದವು. ನೋಡಿದರೆ ಗೊತ್ತಾಗುವುದಿಲ್ಲ ಎಂದು ತಾತ ಹೇಳಿದ್ದರಲ್ಲ... ಆಗ ನಾನು ಮಾಡಿದ್ದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಬಾವಿಯಿಂದ ಒಂದು ಕೊಡ ನೀರು ಸೇದಿ, ಡಬ್ಬಿಯನ್ನು ಅದರಲ್ಲಿ ಇಳಿಬಿಟ್ಟು, ತಣ್ಣಗಾಗುವವರೆಗೆ ಕಾದೆ. ಹೊಸ ಒದ್ದೆ ಬಟ್ಟೆ ಸುತ್ತಿದೆ. ಬಸ್ಸು ಹತ್ತಿದೆ. ಸಿರುಗುಪ್ಪದಲ್ಲಿ, ಪಾರ್ಸಲ್ಲು ಶನಿವಾರ ಬರಲಿಲ್ಲ, ಇವತ್ತು ಬೆಳಗಿನ ರೈಲಿಗೆ ಬಂತು ಎಂದೆ. ತಾತ ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕೆನ್ನೆಗೆ ಒತ್ತಿ ನೋಡಿದರು.

"ತಂಪೈತಿ. ಚಲೋ ತಂದೀಪಾ" ಎಂದರು.

ಮಂಗಳವಾರ ಆ ಹೆಂಗಸು ತನ್ನ ಕಟ್ಟೆಯನ್ನು ಸಾರಿಸಿ ಇಟ್ಟಿದ್ದಳು. ಮೊದಲು ಮೊಮ್ಮಗಳನ್ನೇ ತಂದು ಕೂರಿಸಿದಳು. ಅವಳ ಹಿಂದೆ ಊರಿನ ಮಕ್ಕಳೆಲ್ಲ ಬಂದರು. ತಾತ ಒಂದೊಂದೇ ತೋಳು ಹಿಡಿದು, ಏನಾದರೊಂದು ಮಾತಾಡಿಸುತ್ತ ಗೀರಿದರು. ನಾನು ಕೊಳವೆ ಮುರಿದು ಮುರಿದು ಕೊಡುತ್ತಿದ್ದೆ. ಪ್ರತಿ ಸಲ ಬಾಯಿ ತೆರೆಯಬೇಕೆಂದುಕೊಂಡೆ. ಕೊನೆಯ ಮಗುವಿನವರೆಗೂ ಕೊಳವೆ ಮುರಿದು ಕೊಟ್ಟೆ.

ದಾಕು ಹತ್ತಿದರೆ ಎಂಟನೆಯ ದಿನಕ್ಕೆ ತೋಳಿನ ಮೇಲೆ ಗುಳ್ಳೆ ಏಳಬೇಕು. ಎಂಟನೆಯ ದಿನ ಹೋದೆವು. ಮೊದಲ ತೋಳು ನುಣ್ಣಗಿತ್ತು. ಎರಡನೆಯದೂ. ತಾತ ಮಕ್ಕಳನ್ನು ಬಿಸಿಲಿಗೆ ಕರೆದು ಬೆರಳಿನಿಂದ ತಡವಿ ನೋಡಿದರು. ಒಬ್ಬರಿಗೂ ಎದ್ದಿರಲಿಲ್ಲ. ಅವರು ತಮ್ಮ ಅಲಗನ್ನು ತೆಗೆದು ತಿರುಗಿಸಿ ನೋಡಿದರು, ಆಮೇಲೆ ತಮ್ಮ ಬಲಗೈಯನ್ನು ಚಾಚಿ ಹಿಡಿದು ಬಹಳ ಹೊತ್ತು ನೋಡಿದರು. ಬೇರೆ ಮದ್ದು ತಂದು ಮತ್ತೆ ಹಾಕುತ್ತೇನವ್ವ ಎಂದರು. ಆ ಹೆಂಗಸು ಮೊಮ್ಮಗಳನ್ನು ಒಳಗೆ ಕರೆದುಕೊಂಡು ಹೋದಳು.

ಬೇರೆ ಮದ್ದು ಮದ್ರಾಸಿನಿಂದ ಬರಲು ಎರಡು ವಾರ ಹಿಡಿಯಿತು. ಅಷ್ಟರಲ್ಲಿ ಆ ಊರಿಗೆ ಸಿಡುಬು ಬಂದಿತ್ತು. ಐದು ಮಕ್ಕಳು ಮಲಗಿದರು. ಮೂವರು ಎದ್ದರು. ಏಳದ ಇಬ್ಬರಲ್ಲಿ ಆ ಮೊಮ್ಮಗಳೂ ಒಬ್ಬಳು.

ನಾವು ಹೋದಾಗ ಕಟ್ಟೆಯ ಮೇಲೆ ಬೇವಿನ ಸೊಪ್ಪು ಬಿದ್ದಿತ್ತು. ಆ ಹೆಂಗಸು ಕಿರುಚಲಿಲ್ಲ, ಬೈಯಲಿಲ್ಲ. "ನಿನ್ನ ಕೈ ಮ್ಯಾಲ ಹಾಕಿದ್ದೆ ತಾತಾ" ಎಂದಳು, ಅಷ್ಟೇ. ತಾತ ಅಂಗಳದಲ್ಲಿ ನಿಂತೇ ಇದ್ದರು. ನಾನು ಅವರ ಹಿಂದೆ, ಅವರ ಚೀಲ ಹಿಡಿದುಕೊಂಡು ನಿಂತಿದ್ದೆ.

ಮೇಲಿನ ಅಧಿಕಾರಿ ವಿಚಾರಣೆಗೆ ಬಂದರು. ಅದೇ ದಿನ ಬಂದ ಅದೇ ಮದ್ದು ಬೇರೆ ಕಡೆ ಎಲ್ಲ ಸರಿಯಾಗಿ ಹತ್ತಿತ್ತು, ಹಾಗಾಗಿ ಮದ್ದಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಪಾರ್ಸಲ್ಲು ಯಾವ ದಿನ ಕೈಗೆ ಬಂತೆಂದು ಅವರು ಕೇಳಲೂ ಇಲ್ಲ. ತಾತ ತಾವಾಗಿಯೇ ಹೇಳಿದರು. "ಮದ್ದು ತಂಪಿತ್ತು ಸಾಹೇಬ್ರ, ನಾನಽ ಮುಟ್ಟಿ ನೋಡೀನಿ. ನನ್ನ ಕೈಯಾಗಽ ಏನೋ ಐಬು ಆಗಿರಬೇಕು."

ಅಧಿಕಾರಿ ನನ್ನ ಕಡೆ ತಿರುಗಿದರು. ಇವರ ಕೈ ನಡುಗುವುದನ್ನು ನೀನು ಕಂಡಿದ್ದೀಯಾ ಎಂದು ಕೇಳಿದರು. ತಾತನೂ ನನ್ನನ್ನೇ ನೋಡುತ್ತಿದ್ದರು. ನಿಜವಾಗಿಯೂ ತಿಳಿದುಕೊಳ್ಳಬೇಕೆಂಬ ಆಸೆ ಅವರ ಮುಖದಲ್ಲಿತ್ತು. ಇಲ್ಲ ಎಂದರೆ ಮುಂದಿನ ಪ್ರಶ್ನೆ ಡಬ್ಬಿಯದೇ ಎಂದು ನನಗೆ ಗೊತ್ತಿತ್ತು.

"ಒಂದೊಂದು ಸಲ" ಎಂದೆ.

ಎರಡೇ ಪದ. ಅದಕ್ಕಿಂತ ಹೆಚ್ಚು ನಾನು ಹೇಳಲಿಲ್ಲ...

ತಿಂಗಳೊಳಗೆ ತಾತ ಕೆಲಸ ಬಿಟ್ಟರು. ಹೊರಡುವ ಮುಂಚೆ ನನ್ನ ಬಗ್ಗೆ ಒಳ್ಳೆಯ ಮಾತು ಬರೆದುಕೊಟ್ಟಿದ್ದರು. ನಾನು ಕಾಯಂ ಆದೆ, ಅವರ ಹಳ್ಳಿಗಳೇ ನನ್ನ ಪಾಲಿಗೆ ಬಂದವು. ತಮ್ಮ ಅಲಗನ್ನು ಚರ್ಮದ ಚೀಲದ ಸಮೇತ ನನ್ನ ಕೈಗೆ ಕೊಟ್ಟರು. ಇನ್ನು ನನಗೇಕೆ ಎಂದರು. ನಾನು ತೆಗೆದುಕೊಂಡೆ. ಆಮೇಲೆ ಊರೂರು ಸುತ್ತುವಾಗ ಆ ಹಳ್ಳಿಗೂ ಹೋಗಬೇಕಾಯಿತು. ಆ ಹೆಂಗಸಿನ ಕಟ್ಟೆಯ ಮುಂದೆ ಹಾದುಹೋಗುವಾಗ ತಲೆ ತಗ್ಗಿಸುತ್ತಿದ್ದೆ. ಜನ ಅದನ್ನು ವಿನಯ ಎಂದುಕೊಂಡರು. ಬಳ್ಳಾರಿಯ ಆಟ ಬಿಟ್ಟುಬಿಟ್ಟೆ, ಶನಿವಾರ ಭಾನುವಾರವೂ ಕೆಲಸ ಮಾಡಿದೆ. ಅದರಿಂದ ಯಾರಿಗೇನು ಬಂತು.

ನಾಲ್ಕು ವರ್ಷದ ಮೇಲೆ ನನಗೆ ಬೇರೆ ತಾಲ್ಲೂಕಿಗೆ ವರ್ಗವಾಯಿತು. ಹೋಗುವ ಮುಂಚೆ ಹೇಳಿಬಿಡಬೇಕೆಂದು ಗಟ್ಟಿ ಮನಸ್ಸು ಮಾಡಿ ಸಿರುಗುಪ್ಪಕ್ಕೆ ಹೋದೆ. ತಾತ ಜಗುಲಿಯ ಮೇಲೆ ಕೂತಿದ್ದರು, ಹೆಂಡತಿ ಪಕ್ಕದಲ್ಲಿ ಕೌದಿ ಹೊಲಿಯುತ್ತಿದ್ದರು. ನನ್ನನ್ನು ಕಂಡು ಇಬ್ಬರಿಗೂ ಹಿಗ್ಗು. ಮಾತಿನ ನಡುವೆ ಆಕೆ, ಇವರು ಈಗ ತಮ್ಮ ಗಡ್ಡ ತಾವು ಹೆರೆದುಕೊಳ್ಳುವುದಿಲ್ಲ, ಮಗಳು ಬಾಣಂತನಕ್ಕೆ ಬಂದರೆ ಕೂಸನ್ನು ಎತ್ತಿಕೊಳ್ಳುವುದೂ ಇಲ್ಲ, ಕೈ ಜಾರೀತು ಅಂತ ಹೆದರುತ್ತಾರೆ ಎಂದು ನಕ್ಕರು. ಅಷ್ಟರಲ್ಲಿ ಸೂಜಿಯ ದಾರ ಮುಗಿಯಿತು. ಕಣ್ಣು ಕಾಣುವುದಿಲ್ಲವೆಂದು ಆಕೆ ಸೂಜಿಯನ್ನು ಅವರಿಗೆ ಕೊಟ್ಟರು. ತಾತ ನನ್ನೊಡನೆ ಮಾತಾಡುತ್ತಲೇ ದಾರವನ್ನು ಒಂದೇ ಸಲಕ್ಕೆ ಪೋಣಿಸಿ ಹಿಂದಕ್ಕೆ ಕೊಟ್ಟರು.

"ತಾತಾ, ನಿಮ್ಮ ಕೈ ಚಲೋ ಐತಲ್ರಿ" ಎಂದೆ.

ಅವರು ಕೈಯನ್ನು ಮಡಿಲಿಗೆ ಎಳೆದುಕೊಂಡರು. "ಈಗ ಐತಿ. ಅವತ್ತು ಇರಲಿಲ್ಲಲ್ಲಪಾ. ನಂಗ ನಡುಗಿದ್ದು ಗೊತ್ತಽ ಆಗಲಿಲ್ಲ. ನೀ ಕಣ್ಣಿಲೆ ನೋಡಿದವ. ನೀ ಖರೆ ಹೇಳಿದಿ, ಚಲೋ ಆತು. ಇಲ್ಲಂದ್ರ ಇನ್ನ ಎಷ್ಟು ಮಕ್ಕಳಿಗೆ ಹಾಕ್ತಿದ್ನೋ."

ಹೇಳಬೇಕಾದ ಮಾತು ಅಲ್ಲೇ ಇತ್ತು, ನಾಲಿಗೆಯ ತುದಿಯಲ್ಲಿ. ಊಟಕ್ಕೆ ಏಳಿ ಎಂದು ಆಕೆ ಕರೆದರು. ಎದ್ದೆ. ಉಂಡೆ. ಅವರಿಗೆ ನಮಸ್ಕಾರ ಮಾಡಿ ಮಧ್ಯಾಹ್ನದ ಬಸ್ಸಿಗೆ ಹೊರಟುಬಿಟ್ಟೆ. ಮರುವರ್ಷ ಅವರು ತೀರಿಕೊಂಡ ಸುದ್ದಿ ಬಂತು. ನಾನು ಹೋಗಲಿಲ್ಲ.

ಈಗ ಸಿಡುಬೇ ಇಲ್ಲ. ನಾನು ನಿವೃತ್ತನಾದ ದಿನ ಹಾರ ಹಾಕಿ, ನಿಮ್ಮ ಕೈಯಂಥ ಕೈ ಇಲಾಖೆಯಲ್ಲಿ ಇನ್ನೊಂದಿಲ್ಲ ಎಂದರು. ಆ ಕೈ ಎಲ್ಲಿಂದ ಬಂತೆಂದು ಅವತ್ತಾದರೂ ಹೇಳಬಹುದಿತ್ತು.

ಬ್ರೂಸ್‌ಪೇಟೆಯಿಂದ ಬೆಲ್ಲವಿಲ್ಲದೆ ಬಂದ ಮರುವಾರ ಸಿರುಗುಪ್ಪಕ್ಕೆ ಹೋದೆ. ಅವರ ಮನೆಯಿದ್ದ ಜಾಗದಲ್ಲಿ ಅಕ್ಕಿ ಗಿರಣಿಯ ಗೋದಾಮಿದೆ. ಅವರ ಮಕ್ಕಳು ಮೊಮ್ಮಕ್ಕಳು ಎಲ್ಲಿ ಹೋದರೋ ಯಾರಿಗೂ ತಿಳಿಯದು. ಗಿರಣಿಯ ನೆರಳಿನಲ್ಲಿ ನನ್ನಷ್ಟೇ ವಯಸ್ಸಾದ ಒಬ್ಬಾತ ಕೂತಿದ್ದ. ಇಲ್ಲೊಬ್ಬರು ದಾಕು ಹಾಕುವವರು ಇದ್ದರಲ್ಲ ಎಂದು ಕೇಳಿದೆ.

"ಹಾಂ, ಕೈ ನಡುಗೋ ತಾತ" ಎಂದ.

ಅವರ ಕೈ ನಡುಗುತ್ತಿರಲಿಲ್ಲ, ತಪ್ಪು ನನ್ನದು ಎಂದೆ. ಶನಿವಾರದಿಂದ ಹಿಡಿದು ಎಲ್ಲವನ್ನೂ ಹೇಳತೊಡಗಿದೆ. ಆತನಿಗೆ ಕಿವಿ ಅಷ್ಟು ಕೇಳಿಸುತ್ತಿರಲಿಲ್ಲ ಎಂದು ಕಾಣುತ್ತದೆ. ಅರ್ಧಕ್ಕೇ ತಲೆಯಾಡಿಸಿ, "ಇರಬೌದು ಬಿಡ್ರಿ, ಭಾಳ ಹಳೇ ಮಾತು" ಎಂದು ಎದ್ದು ಮನೆಯ ಕಡೆ ನಡೆದ.